ಬೋಟಿಗೆ ಹೊದಿಕೆ: ಮೂರು ಕೊಂಡು, ಒಂದು ಎರವಲು ಪಡೆದು ಕಂಡದ್ದು

ಈಗ ನನ್ನ ಬೋಟಿನ ಮೇಲಿರುವುದು 600 ಡೆನಿಯರ್ (ನೂಲಿನ ತೂಕದ ಲೆಕ್ಕ, ಮುಂದೆ ಹೇಳುತ್ತೇನೆ) ಪಾಲಿಯೆಸ್ಟರ್ ಕವರ್. ಈ ಬಗೆಯ ಬೋಟುಗಳ ಆಕಾರಕ್ಕೆ ತಕ್ಕಂತೆ ಕತ್ತರಿಸಿ ಹೊಲಿದ ರೆಡಿಮೇಡ್ ಕವರ್ ಅದು. ನನ್ನ ಬೋಟನ್ನೇ ಅಳೆದು ಹೊಲಿಸಿದ್ದಲ್ಲ. ಹಾಕಿ ನಾಲ್ಕು ವರ್ಷವಾಯಿತು. ನಾಳೆ ಬೋಟು ಬದಲಾಯಿಸಿದರೂ ಇದೇ ಜಾತಿಯ ಕವರನ್ನೇ ಕೊಳ್ಳುತ್ತೇನೆ. ಇದಕ್ಕೆ ಮುಂಚೆ ಕಡಿಮೆ ಬೆಲೆ ನೋಡಿ ಎರಡು ಕೊಂಡಿದ್ದೆ. ಅದರಲ್ಲಿ ಎರಡನೆಯದು ಸೀಟು, ಬ್ಯಾಟರಿ ಎರಡನ್ನೂ ಹಾಳು ಮಾಡಿತು. ನಡುವೆ ಭಾವನ ಅಕ್ರಿಲಿಕ್ ಕವರನ್ನು ಮೂರು ತಿಂಗಳು ಎರವಲು ಪಡೆದು ಹಾಕಿದ್ದೆ. ಅವರದೂ ನನ್ನದೇ ಮಾದರಿಯ ಬೋಟು, ಹಾಗಾಗಿ ಸರಿಯಾಗಿ ಕೂತಿತು. ನಾಲ್ಕನ್ನೂ ಒಂದೇ ಬೋಟಿನ ಮೇಲೆ ನೋಡಿದ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನದು 16 ಅಡಿಯ ಬೋಟು. ತಳ ವಿ ಆಕಾರದ್ದು, ಮುಂದೆ ಗಾಜಿನ ವಿಂಡ್‌ಶೀಲ್ಡ್, ಹಿಂದೆ ಔಟ್‌ಬೋರ್ಡ್ ಎಂಜಿನ್. ವರ್ಷದ ಹೆಚ್ಚು ದಿನ ಟ್ರೇಲರ್ ಮೇಲೆ ಬಯಲಲ್ಲೇ ನಿಂತಿರುತ್ತದೆ. ಮೇಲೆ ಸೂರಿಲ್ಲ. ತಿಂಗಳಿಗೆ ಎರಡು ಸಲ ನೀರಿಗೆ ಇಳಿಸುತ್ತೇನೆ, ಅಂದರೆ ಕವರನ್ನು ತಿಂಗಳಿಗೆ ಎರಡು ಸಲ ಬಿಚ್ಚಿ ಮತ್ತೆ ಕಟ್ಟಬೇಕು. ನಿಮ್ಮ ಬೋಟು ಶೆಡ್ಡಿನೊಳಗಿದ್ದರೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. ಧೂಳು ತಡೆಯುವ ಯಾವ ಬಟ್ಟೆಯಾದರೂ ಸಾಕು.

ಮೊದಲು ಹಾಕಿದ್ದು ಪಾಲಿಥಿನ್ ಟಾರ್ಪಾಲು. ಬೋಟಿಗೆ ಅಷ್ಟು ಖರ್ಚಾದ ಮೇಲೆ ಹೊದಿಕೆಗೆ ಯಾಕೆ ಇನ್ನಷ್ಟು ಅನ್ನಿಸಿತ್ತು. ಟಾರ್ಪಾಲಿನ ದೋಷ ಮಳೆಯಲ್ಲಿ ಕಾಣುವುದಿಲ್ಲ, ಗಾಳಿಯಲ್ಲಿ ಕಾಣುತ್ತದೆ. ಎಷ್ಟು ಬಿಗಿದು ಕಟ್ಟಿದರೂ ಬೋಟಿನ ಮೈಗೆ ಅಂಟಿ ಕೂರುವುದಿಲ್ಲ. ಸಡಿಲವಿದ್ದ ಕಡೆ ರಾತ್ರಿಯೆಲ್ಲ ಪಟಪಟ ಬಡಿಯುತ್ತದೆ, ಒಳಗೆ ಸೇರಿದ ಧೂಳು ಉಪ್ಪುಕಾಗದದ ಹಾಗೆ ಜೆಲ್‌ಕೋಟನ್ನು, ಅಂದರೆ ಬೋಟಿನ ಮೈಯ ಹೊಳಪಿನ ಹೊರಪದರವನ್ನು, ಉಜ್ಜುತ್ತದೆ. ಎರಡೂ ಪಕ್ಕದಲ್ಲಿ ಹೊಳಪು ಹೋಗಿ ಮಂಕಾದ ಪಟ್ಟಿಗಳು ಬಿದ್ದವು. ಪಾಲಿಶ್ ಹಾಕಿ ಉಜ್ಜಿ ಅದನ್ನು ತೆಗೆಯುವಷ್ಟರಲ್ಲಿ ಒಂದು ರಜೆ ಪೂರ್ತಿ ಹೋಯಿತು. ಬಿಸಿಲಿಗೆ ಟಾರ್ಪಾಲು ಗರಿಗರಿಯಾಗಿ, ಮುಟ್ಟಿದಲ್ಲೆಲ್ಲ ನೀಲಿ ಚೂರುಗಳಾಗಿ ಉದುರತೊಡಗಿತು. ಆ ಚೂರು ಬೋಟಿನೊಳಗೂ ಬೀಳುತ್ತದೆ, ಕೊನೆಗೆ ನೀರಿಗೂ ಸೇರುತ್ತದೆ. ನೀರನ್ನು ಪ್ರೀತಿಸುವವರು ಮಾಡಬಾರದ ಕೆಲಸ ಅದು. ಎರಡು ವಾರದ ತುರ್ತಿಗೆ ಟಾರ್ಪಾಲು ಸರಿ, ಅದಕ್ಕಿಂತ ಹೆಚ್ಚಿಗೆ ಬೇಡ.

ಎರಡನೆಯದು 300 ಡೆನಿಯರ್ ಪಾಲಿಯೆಸ್ಟರಿನ ಸಾಮಾನ್ಯ ಅಳತೆಯ ಕವರ್. ‘14ರಿಂದ 16 ಅಡಿಯ ಎಲ್ಲ ಬೋಟಿಗೂ ಆಗುತ್ತದೆ’ ಎಂದು ಮಾರುವ ಜಾತಿ. ಡೆನಿಯರ್ ಅಂದರೆ ನೂಲಿನ ತೂಕದ ಲೆಕ್ಕ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. ಹಾಗಾಗಿ 300ಕ್ಕಿಂತ 600ರ ನೂಲು ಎರಡರಷ್ಟು ಭಾರ. ಈ ಲೆಕ್ಕ ತಿಳಿದುಕೊಂಡೇ 300 ಕೊಂಡಿದ್ದೆ, ಹಗುರವಾಗಿದ್ದರೆ ಮಡಚುವುದು ಸುಲಭ ಎಂದುಕೊಂಡು. ಮಡಚುವುದು ಸುಲಭವಾಗಿಯೇ ಇತ್ತು. ಆದರೆ ಎಲ್ಲ ಬೋಟಿಗೂ ಆಗಬೇಕಾದ ಕವರ್ ಯಾವ ಬೋಟಿಗೂ ಬಿಗಿಯಾಗಿ ಕೂರಲಾರದು. ಅಂಚಿನ ಎಲಾಸ್ಟಿಕ್ ಹಗ್ಗ ಎಳೆದು ಸುತ್ತಲೂ ಬಿಗಿದರೂ ವಿಂಡ್‌ಶೀಲ್ಡಿಗೂ ಬೋಟಿನ ಹಿಂಬದಿಗೂ ನಡುವೆ ಬಟ್ಟೆ ಜೋತು ಬೀಳುತ್ತಿತ್ತು. ನನ್ನ ಕಷ್ಟ ಶುರುವಾದದ್ದು ಆ ಜೋತುಬಿದ್ದ ಜಾಗದಲ್ಲಿ.

ಕವರ್ ಕೊಳ್ಳುವವರು ಬಟ್ಟೆಯ ದಪ್ಪ, ಬಣ್ಣ, ವಾರಂಟಿ ಎಲ್ಲ ಕೇಳುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ, ನಾನೂ ಕೇಳಿರಲಿಲ್ಲ. ಬಟ್ಟೆಯಲ್ಲಿ ಅಂಗೈಯಷ್ಟು ತಗ್ಗಿದ್ದರೂ ಮೊದಲ ಮಳೆಯ ನೀರು ಅಲ್ಲಿ ನಿಲ್ಲುತ್ತದೆ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ತಗ್ಗು ಹಿಗ್ಗುತ್ತದೆ, ಹಿಗ್ಗಿದ ತಗ್ಗಿಗೆ ಇನ್ನಷ್ಟು ನೀರು ಹರಿದುಬರುತ್ತದೆ. ಒಂದು ರಾತ್ರಿಯ ಮಳೆಗೆ ನನ್ನ ಬೋಟಿನ ಮೇಲೆ ಸುಮಾರು 120 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲದ ಹೊಂಡವಾಗಿತ್ತು. ಸರಾಸರಿ 10 ಸೆಂಟಿಮೀಟರ್ ಆಳ ಎಂದು ಹಿಡಿದರೂ 96 ಲೀಟರ್ ನೀರು, ಅಂದರೆ 96 ಕಿಲೋ. ಒಬ್ಬ ದಢೂತಿ ಆಳು ಇಡೀ ರಾತ್ರಿ ಬಟ್ಟೆಯ ಮೇಲೆ ಕೂತ ಹಾಗೆ.

ಕವರಿನ ಜೊತೆ ಒಂದು ಅಲ್ಯೂಮಿನಿಯಂ ಕೋಲು ಕೊಟ್ಟಿದ್ದರು, ನಡುವೆ ನಿಲ್ಲಿಸಿ ಬಟ್ಟೆಯನ್ನು ಗುಡಾರದ ಹಾಗೆ ಎತ್ತಿ ಹಿಡಿಯಲು. ಆ ಕೋಲಿನ ಬುಡಕ್ಕೆ ಸಣ್ಣ ಪ್ಲಾಸ್ಟಿಕ್ ಬಿರಡೆ, ತಲೆಗೂ ಅದೇ. ಗಾಳಿಗೆ ಬಟ್ಟೆ ಒಮ್ಮೆ ಮೇಲೆದ್ದರೆ ಸಾಕು, ಕೋಲು ವಾಲುತ್ತಿತ್ತು. ನಾನು ಬುಡಕ್ಕೆ ರಬ್ಬರ್ ಹಾಳೆ ಇಟ್ಟು ನೋಡಿದೆ, ಸೀಟಿಗೆ ಹಗ್ಗ ಕಟ್ಟಿ ನೋಡಿದೆ. ಆ ರಾತ್ರಿ ಕೋಲು ಅರ್ಧಕ್ಕೆ ವಾಲಿ, ಅದರ ತಲೆಯ ಮೇಲೆಯೇ ಹೊಂಡದ ಭಾರವೆಲ್ಲ ಬಿದ್ದು, ಪಕ್ಕದ ಹೊಲಿಗೆ ಗೇಣುದ್ದ ಬಿಚ್ಚಿಕೊಂಡಿತು. ನಿಂತಿದ್ದ ನೀರೆಲ್ಲ ಬೋಟಿನೊಳಕ್ಕೆ ಇಳಿಯಿತು. ಬೋಟಿನ ತಳದಲ್ಲಿ ನೀರು ಹೊರಬಿಡುವ ತೂತಿನ ಬಿರಡೆಯನ್ನು ಹಿಂದಿನ ಸಲ ನಾನು ತೆಗೆದಿರಲಿಲ್ಲ, ಆದ್ದರಿಂದ ನೀರಿಗೆ ಹೊರಗೆ ದಾರಿಯಿರಲಿಲ್ಲ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ತಾನಾಗಿಯೇ ಚಾಲೂ ಆಗಿ, ಬ್ಯಾಟರಿ ಖಾಲಿಯಾಗುವವರೆಗೂ ಓಡಿ ನಿಂತಿತು. ಮಳೆ ಮಾತ್ರ ನಿಂತಿರಲಿಲ್ಲ. ನಾನು ಹೋಗಿ ನೋಡಿದ್ದು ಐದು ದಿನ ಬಿಟ್ಟು. ಬ್ಯಾಟರಿ ಮುಳುಗಿತ್ತು, ಸೀಟಿನ ಸ್ಪಂಜು ನೀರು ಕುಡಿದಿತ್ತು, ವಿನೈಲಿನ ಹೊಲಿಗೆಯ ಸಾಲಿನಲ್ಲೆಲ್ಲ ಕಪ್ಪು ಬೂಷ್ಟು. ಆ ವಾಸನೆ ಇನ್ನೂ ನೆನಪಿದೆ.

ಅದನ್ನು ನೋಡಿದ ಭಾವ ಹೇಳಿದರು: “ಬಟ್ಟೆ ಎಷ್ಟು ದಪ್ಪ ಇದ್ರೂ ಅಷ್ಟೇನೇ, ಇಳಿಜಾರು ಇಲ್ದೆ ಇದ್ರೆ ಉಳಿಯಲ್ಲ. ಮನೆ ಮಾಡಿನ ಹಾಗೆ ಯೋಚ್ನೆ ಮಾಡು.” ಅವರ ಎಂಜಿನ್ ರಿಪೇರಿಗೆ ಹೋಗಿ ಬೋಟು ಗ್ಯಾರೇಜಿನೊಳಗೇ ಇತ್ತು. ತಮ್ಮ ಕವರನ್ನೇ ಕೊಟ್ಟು ಕಳುಹಿಸಿದರು.

ಅದು ಅಕ್ರಿಲಿಕ್, ಅವರ ಬೋಟನ್ನೇ ಅಳೆದು ಹೊಲಿದದ್ದು. ನೂಲಾಗುವ ಮೊದಲೇ ಬಣ್ಣ ಬೆರೆಸಿದ ಈ ಬಗೆಯ ಅಕ್ರಿಲಿಕ್ ಬಟ್ಟೆ ಹೊಸದಲ್ಲ. ಗ್ಲೆನ್ ರೇವನ್ ಕಂಪನಿಯ ಸನ್‌ಬ್ರೆಲಾ ಬಂದದ್ದು 1961ರಲ್ಲಿ. ಅದು ಮೊದಲು ಬಂದದ್ದು ಅಂಗಡಿ, ಮನೆಗಳ ಮುಂದಿನ ಚಪ್ಪರಗಳಿಗೆ. ಬೋಟುಗಳಿಗೆ ಹಬ್ಬಿದ್ದು ಆಮೇಲೆ. ಬೋಟಿಗೆ ಬಳಸುವ ಸಾಮಾನ್ಯ ತೂಕ ಚದರ ಗಜಕ್ಕೆ 9.25 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 314 ಗ್ರಾಂ. ಈ ಬಟ್ಟೆಯ ದೊಡ್ಡ ಗುಣ, ಅದು ಉಸಿರಾಡುತ್ತದೆ. ನೀರು ಮೇಲೆ ಹರಳಾಗಿ ಉರುಳಿ ಹೋಗುತ್ತದೆ, ಒಳಗಿನ ತೇವದ ಆವಿ ಬಟ್ಟೆಯ ಮೂಲಕ ಹೊರಗೆ ಹೋಗುತ್ತದೆ. ಆ ಮೂರು ತಿಂಗಳಲ್ಲಿ ಬೋಟಿನೊಳಗೆ ಒಂದು ದಿನವೂ ಮುಗ್ಗಲು ವಾಸನೆ ಬರಲಿಲ್ಲ. ಒಂದು ಹನಿಯೂ ನಿಲ್ಲಲಿಲ್ಲ, ಅಷ್ಟು ಬಿಗಿ. ನೋಡಲೂ ಅದರಷ್ಟು ಚಂದ ಬೇರೆ ಯಾವುದೂ ಇಲ್ಲ.

ಹಾಗಾದರೆ ಅದನ್ನೇ ಯಾಕೆ ಕೊಳ್ಳಲಿಲ್ಲ? ಒಂದು, ನನ್ನ ಈಗಿನ ಕವರಿನ ಬೆಲೆಯ ಮೂರು ಪಟ್ಟಿಗಿಂತ ಹೆಚ್ಚು ಹೇಳಿದರು. ಎರಡು, ಅಕ್ರಿಲಿಕ್ ಬಿಸಿಲಿಗೆ ಗಟ್ಟಿ, ಉಜ್ಜಾಟಕ್ಕೆ ಅಷ್ಟು ಗಟ್ಟಿಯಲ್ಲ. ತಿಂಗಳಿಗೆ ಎರಡು ಸಲ ಎಳೆದು ಬಿಚ್ಚುವ ನನ್ನ ಕೈಯಲ್ಲಿ, ವಿಂಡ್‌ಶೀಲ್ಡಿನ ಮೂಲೆ ತಾಗುವ ಕಡೆ ಮೂರೇ ತಿಂಗಳಿಗೆ ಬಟ್ಟೆ ಸವೆದು ತೆಳ್ಳಗಾಯಿತು. ಎರವಲು ತಂದ ವಸ್ತು, ಮನಸ್ಸಿಗೆ ಬಹಳ ಕಷ್ಟವಾಯಿತು. ಮೂಲೆಗೆ ತೇಪೆ ಹಾಕಿಸಿಯೇ ಹಿಂದಿರುಗಿಸಿದೆ. ಕೆಲವು ವರ್ಷಕ್ಕೊಮ್ಮೆ ನೀರು ತಡೆಯುವ ಸ್ಪ್ರೇಯನ್ನೂ ಅದಕ್ಕೆ ಮತ್ತೆ ಹೊಡೆಯಬೇಕು.

ಈಗಿನ ಕವರಿಗೆ ಬರುತ್ತೇನೆ. ಇದರಲ್ಲೂ ಬಣ್ಣ ನೂಲಾಗುವ ಮೊದಲೇ ಬೆರೆತದ್ದು. ಕೊಳ್ಳುವಾಗ ಡೆನಿಯರಿಗಿಂತ ಮೊದಲು ಈ ಮಾತು ಕೇಳಿ. ನೇಯ್ದ ಮೇಲೆ ಬಣ್ಣ ಅದ್ದಿದ ಪಾಲಿಯೆಸ್ಟರ್ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತದೆ. ನನ್ನ 300 ಡೆನಿಯರ್ ಕವರ್ ಒಂದೇ ಬೇಸಿಗೆಗೆ ಕಡುನೀಲಿಯಿಂದ ಬೂದಿಗೆ ತಿರುಗಿತ್ತು. ಇದು ನಾಲ್ಕನೆಯ ವರ್ಷದಲ್ಲೂ ಸ್ವಲ್ಪವೇ ಮಾಸಿದೆ. ಪಾಲಿಯೆಸ್ಟರ್ ಆದ್ದರಿಂದ ಎಳೆದಾಟಕ್ಕೆ, ಉಜ್ಜಾಟಕ್ಕೆ ಅಕ್ರಿಲಿಕ್‌ಗಿಂತ ಗಟ್ಟಿ. ವಿಂಡ್‌ಶೀಲ್ಡಿನ ಮೂಲೆ ಬರುವ ಕಡೆ, ಮೂತಿಯ ಕಡೆ ಒಳಗಿನಿಂದ ಎರಡನೆಯ ಪದರ ಹೊಲಿದಿದ್ದಾರೆ. ಅದರ ಮೇಲೂ ನಾನು ಗಾಜಿನ ಮೂಲೆಗಳಿಗೆ ಹಳೆಯ ಟವೆಲ್ ಸುತ್ತುತ್ತೇನೆ.

ಒಳಮೈಗೆ ಲೇಪ ಇರುವುದರಿಂದ ಇದು ಅಕ್ರಿಲಿಕ್‌ನಷ್ಟು ಉಸಿರಾಡುವುದಿಲ್ಲ, ಈ ಕೊರತೆಯನ್ನು ಒಪ್ಪಿಕೊಳ್ಳಬೇಕು. ಒದ್ದೆ ಕಾರ್ಪೆಟ್ಟಿನ ಮೇಲೆ ಹೀಗೆ ಲೇಪವಿರುವ ಕವರ್ ಮುಚ್ಚಿದರೆ ಹಗಲು ಮೇಲೆದ್ದ ಆವಿ ರಾತ್ರಿ ತಣ್ಣಗಾಗಿ ಬಟ್ಟೆಯ ಅಡಿಗೆ ಹನಿಗಟ್ಟಿ ಮತ್ತೆ ಸೀಟಿನ ಮೇಲೆಯೇ ತೊಟ್ಟಿಕ್ಕುತ್ತದೆ. ಈ ಕವರಿನ ಮೇಲೆ ಎರಡು ಗಾಳಿಕಿಂಡಿಗಳಿವೆ, ಮಳೆ ಒಳಬಾರದಂತೆ ಸಣ್ಣ ಮುಚ್ಚಿಗೆಯ ಸಮೇತ. ಬೋಟನ್ನು ನೀರಿನಿಂದ ತಂದ ದಿನ ನಾನು ಕವರ್ ಹಾಕುವುದಿಲ್ಲ, ಒಂದು ಹಗಲು ಒಣಗಲು ಬಿಡುತ್ತೇನೆ. ಗಾಳಿಕಿಂಡಿಯೇ ಇಲ್ಲದ ಕವರ್ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಮುಟ್ಟಬೇಡಿ.

ನೀರು ನಿಲ್ಲುವ ತೊಂದರೆ ಇದರಲ್ಲೂ ಮೊದಲ ವಾರ ಬಂತು. ಎದೆ ಝಲ್ಲೆಂದಿತು. ಆಮೇಲೆ ಒಂದು ಬಿಸಿಲಿನ ದಿನ ಕವರ್ ಕಟ್ಟಿ, ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟೆ. ನೀರು ನಿಂತ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಎರಡೇ ಜಾಗ: ವಿಂಡ್‌ಶೀಲ್ಡಿನ ಹಿಂದೆ ಒಂದು, ಮೂತಿಯ ಹತ್ತಿರ ಇನ್ನೊಂದು. ಎರಡಕ್ಕೂ ಒಂದೊಂದು ಕೋಲು, ಹಿಂದಿನದು ಉದ್ದ, ಮುಂದಿನದು ಗಿಡ್ಡ. ಕೋಲು ವಾಲದಿರಲು ಮುಖ್ಯವಾಗಿ ಬೇಕಾದದ್ದು ಪಟ್ಟಿ. ಬೋಟಿನ ಮೂತಿಯ ಕೊಂಡಿಯಿಂದ ಹೊರಟು ಎರಡು ಕೋಲಿನ ತಲೆಯ ಮೇಲೂ ಹಾದು, ಹಿಂದಿನ ಎರಡು ಕೊಂಡಿಗಳಿಗೆ ಕವಲೊಡೆದು ಬಿಗಿಯುವ ಅಗಲ ಪಟ್ಟಿ. ಕವರ್ ಈ ಪಟ್ಟಿಯ ಮೇಲೆ, ಮಾಡಿನ ತೊಲೆಯ ಮೇಲೆ ಹೆಂಚು ಕೂತಂತೆ ಕೂರುತ್ತದೆ. ಈಗ ಗಾಳಿಗೆ ಬಟ್ಟೆ ಎದ್ದರೂ ಕೋಲು ಅಲುಗುವುದಿಲ್ಲ, ಅದನ್ನು ಹಿಡಿದಿರುವುದು ಪಟ್ಟಿ. ಈ ಪಟ್ಟಿ ಪಾಲಿಯೆಸ್ಟರಿನದೇ ಇರಲಿ. ನೈಲಾನ್ ಪಟ್ಟಿ ಒದ್ದೆಯಾದಾಗ ಸಡಿಲಾಗುತ್ತದೆ, ಬಿಗಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

300 ಡೆನಿಯರ್ ಕವರಿಗೂ ಹೀಗೇ ಮಾಡಿದ್ದರೆ ಉಳಿಯುತ್ತಿತ್ತೇ ಎಂದು ಬಹಳ ಸಲ ಯೋಚಿಸಿದ್ದೇನೆ. ಸ್ವಲ್ಪ ಕಾಲ ಉಳಿಯುತ್ತಿತ್ತು. ಆದರೆ ಹೆಚ್ಚುವರಿ ಬಟ್ಟೆ ಎಲ್ಲೋ ಒಂದು ಕಡೆ ಮಡಿಕೆಯಾಗಿ ನೀರು ಹಿಡಿದೇ ಹಿಡಿಯುತ್ತದೆ. ಆಕಾರಕ್ಕೆ ಹೊಲಿದ ಕವರಿಗೆ ಕೊಡುವ ಹೆಚ್ಚಿನ ಹಣ ಆ ಮಡಿಕೆ ಇಲ್ಲದಿರುವುದಕ್ಕೇ.

ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಉದ್ದವನ್ನು ಮೂತಿಯ ತುದಿಯಿಂದ ಹಿಂಬದಿಯ ನಡುವಿನವರೆಗೆ ನೇರ ಗೆರೆಯಲ್ಲಿ ಅಳೆಯಿರಿ, ವಿಂಡ್‌ಶೀಲ್ಡ್ ಹತ್ತಿಸಿ ಇಳಿಸಿ ಟೇಪು ಹಿಡಿಯಬೇಡಿ. ಅಗಲವನ್ನು ಅತಿ ಅಗಲವಾದ ಕಡೆ ತೆಗೆಯಿರಿ. ಎಂಜಿನ್ ಸಾಮಾನ್ಯವಾಗಿ ಈ ಉದ್ದಕ್ಕೆ ಸೇರುವುದಿಲ್ಲ, ಅದಕ್ಕೆ ಬೇರೆ ಟೊಪ್ಪಿ ಬರುತ್ತದೆ. ಹಿಂದೆ ಈಜುವವರ ಹಲಗೆ, ಏಣಿ ಇದ್ದರೆ ಆರ್ಡರ್ ಮಾಡುವ ಮುಂಚೆಯೇ ಕೇಳಿಬಿಡಿ.

ಟ್ರೇಲರ್ ಮೇಲೆ ರಸ್ತೆಯಲ್ಲಿ ಹೋಗುವಾಗ ಟಾರ್ಪಾಲು, ಸಾಮಾನ್ಯ ಅಳತೆಯ ಕವರ್ ಎರಡನ್ನೂ ಬಿಚ್ಚಿಟ್ಟೇ ಹೊರಡಬೇಕಾಗಿತ್ತು. ಈಗಿನದನ್ನು ಎಲ್ಲ ಪಟ್ಟಿ ಬಿಗಿದರೆ ಹಾಗೇ ಒಯ್ಯಬಹುದು. ತೊಳೆಯಲು ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ನೆರಳಲ್ಲಿ ಒಣಗಿಸುವುದು. ಬಣ್ಣ ನಿಮ್ಮಿಷ್ಟ.

ಈ ಕವರಿನಲ್ಲಿ ಮೊದಲು ಸೋತದ್ದು ಬಟ್ಟೆಯಲ್ಲ, ದಾರ. ಬಿಸಿಲು ನೇರ ಬೀಳುವ ನಡು ಹೊಲಿಗೆಯಲ್ಲಿ ಪಾಲಿಯೆಸ್ಟರ್ ದಾರ ಮೂರನೆಯ ವರ್ಷದ ಕೊನೆಗೆ ಉಗುರಿನಿಂದ ಕೆರೆದರೆ ತುಂಡಾಗುತ್ತಿತ್ತು. ಬಟ್ಟೆ ಗಟ್ಟಿಯಿರುವಾಗ ಕವರನ್ನೇ ಎಸೆಯುವುದು ಅನ್ಯಾಯ. ಪಿಟಿಎಫ್‌ಇ (ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ದಾರ ಬರುತ್ತದೆ, ಗೋರ್ ಕಂಪನಿಯ ಟೆನಾರಾ ಆ ಬಗೆಯದು. ಬಿಸಿಲಿನ ನೇರಳಾತೀತ ಕಿರಣಕ್ಕೆ ಅದು ಬಗ್ಗುವುದಿಲ್ಲ. ದಾರವೇ ದುಬಾರಿ, ಆದರೆ ಎರಡು ಉದ್ದ ಹೊಲಿಗೆಗೆ ಬೇಕಾಗುವುದು ಸ್ವಲ್ಪವೇ. ಹೊಸ ಕವರಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು.

ಭಾವ ಮಾತ್ರ ಅಕ್ರಿಲಿಕ್ ಬಿಡುವವರಲ್ಲ. ಅವರ ಬೋಟು ಟ್ರೇಲರ್ ಹತ್ತುವುದೇ ಅಪರೂಪ, ವರ್ಷವಿಡೀ ನೀರಲ್ಲೇ ಕಟ್ಟಿರುತ್ತದೆ. ಅಡಿಯಿಂದ ಯಾವಾಗಲೂ ತೇವ ಏರುವ ಅಂಥ ಬೋಟಿಗೆ ಉಸಿರಾಡುವ ಬಟ್ಟೆಯೇ ಬೇಕು. ಅವರು ಕವರ್ ಬಿಚ್ಚುವುದು ವರ್ಷಕ್ಕೆ ಹತ್ತು ಸಲವೂ ಇಲ್ಲ, ಹಾಗಾಗಿ ಮೂಲೆ ಸವೆಯುವ ಚಿಂತೆಯೂ ಇಲ್ಲ. ಅವರ ಹಾಗೆ ಬೋಟು ಇಡುವವರು, ಖರ್ಚಿಗೆ ಅಂಜದವರು ಅದನ್ನೇ ಹೊಲಿಸಿಕೊಳ್ಳಿ. ನಾನು ಹಾಕಿಸಿಕೊಟ್ಟ ಆ ತೇಪೆ ಇನ್ನೂ ಗಟ್ಟಿಯಾಗಿದೆ. ಈಗ ಇನ್ನೊಂದು ಮೂಲೆಗೂ ಅಂಥದೇ ಹಾಕಿಸಿಕೊಂಡಿದ್ದಾರೆ.