ತೊಟ್ಟಿ ಮನೆಯೋ ಸೆಟ್ಟೋ, ಸಿಂಕ್ ಸೌಂಡೋ ಡಬ್ಬಿಂಗೋ: ಮಲೆನಾಡಿನ ಧಾರಾವಾಹಿ ನಿಜ ಅನ್ನಿಸುವುದು ಎಲ್ಲಿ?

ಮಲೆನಾಡಿನ ಕತೆ ಎಂದ ಕೂಡಲೇ ಏಳುವ ಪ್ರಶ್ನೆ ಮನೆಯದು. ತೀರ್ಥಹಳ್ಳಿ ಕಡೆ ಒಂದು ತೊಟ್ಟಿ ಮನೆ ಬಾಡಿಗೆಗೆ ಹಿಡಿಯುವುದೋ, ಬೆಂಗಳೂರಿನಲ್ಲಿ ಸೆಟ್ ಹಾಕುವುದೋ? ಒಂದೇ ದೃಶ್ಯವನ್ನು ಎರಡೂ ಕಡೆ ತೆಗೆದು ಅಕ್ಕಪಕ್ಕ ಇಟ್ಟು ನೋಡಿದರೆ, ಜಗಳ ಮನೆಯದಲ್ಲ, ಸದ್ದಿನದು ಎಂದು ಗೊತ್ತಾಗುತ್ತದೆ.

ಮೊದಲು ಮನೆಯನ್ನೇ ಮುಗಿಸೋಣ. ತೊಟ್ಟಿ ಮನೆಯಲ್ಲಿ ಕಾಡುವುದು ಬೆಳಕು. ತೊಟ್ಟಿಯ ಮೇಲೆ ಬಯಲು ಆಕಾಶ, ನಾಲ್ಕು ಹೆಜ್ಜೆ ಒಳಗೆ ಹಗಲಲ್ಲೂ ಕತ್ತಲು. ಒಳಗಿನ ಮುಖಕ್ಕೆ ಹೊಂದುವಂತೆ ಕ್ಯಾಮೆರಾಗೆ ಬಿಡುವ ಬೆಳಕು, ಅಂದರೆ ಎಕ್ಸ್‌ಪೋಸರ್ ಇಟ್ಟರೆ ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ. ತೊಟ್ಟಿಗೆ ಅಡ್ಡಲಾಗಿ ತೆಳು ಬಿಳಿ ಬಟ್ಟೆ ಎಳೆದು ಕಟ್ಟಿದರೆ ಅರ್ಧ ತೊಂದರೆ ಕಳೆಯಿತು. ಗಾಜಿನ ಹೆಂಚಿನಿಂದ ಬೀಳುವ ಬಿಸಿಲಿನ ಚೌಕ ನೋಡಲು ಚಂದವೇ, ಆದರೆ ಅದು ಸರಿಯುತ್ತಲೇ ಇರುತ್ತದೆ. ಎರಡು ಶಾಟ್ ಜೋಡಿಸಿದಾಗ ಕಂಬದ ಮೇಲಿದ್ದದ್ದು ಗೋಡೆಗೆ ಜಿಗಿದಿರುತ್ತದೆ. ಆ ಹೆಂಚಿಗೆ ಗೋಣಿ ಮುಚ್ಚಿ ಲೈಟ್ ಹಾಕುವುದೇ ವಾಸಿ.

ಸೆಟ್ಟಿನಲ್ಲಿ ಗೋಡೆ ಕಳಚಿ ಕ್ಯಾಮೆರಾ ಹಿಂದಕ್ಕೆ ಒಯ್ಯಬಹುದು, ಬೆಳಕು ಹೇಳಿದಂತೆ ಕೇಳುತ್ತದೆ. ಅದು ಸೋಲುವುದು ಕೊಳೆಯಲ್ಲಿ. ಸೆಟ್ಟಿನವರು ಮಸಿಯನ್ನು ಗೋಡೆಗೆಲ್ಲ ಸಮನಾಗಿ ಬಳಿಯುತ್ತಾರೆ. ನಿಜದಲ್ಲಿ ಮಸಿ ಒಲೆಯ ನೇರ ಮೇಲೆ, ಎಣ್ಣೆ ಕರೆ ಬಾಗಿಲ ಚೌಕಟ್ಟಿಗೆ ಕೈ ತಾಗುವ ಎತ್ತರದಲ್ಲಿ, ಕೆಮ್ಮಣ್ಣಿನ ಸಿಡಿತ ಹೊರಗೋಡೆಯ ಬುಡದಿಂದ ಒಂದಡಿ ಮಾತ್ರ. ಅಡಿಕೆ ಸುಲಿಯುವ ದೃಶ್ಯಕ್ಕೆ ಮೆಟ್ಟುಗತ್ತಿಯನ್ನು ನಿಜದ್ದೇ ತರುತ್ತಾರೆ, ಸುಲಿಯುವವಳ ಬೆರಳು ಮಾತ್ರ ಬೆಳ್ಳಗಿರುತ್ತದೆ. ಹಸಿ ಅಡಿಕೆಯ ಕಪ್ಪು ಕರೆ ಇಲ್ಲದ ಆ ಬೆರಳು ಸಾಕು, ಹೊಸನಗರದಲ್ಲಿ ಕೂತು ನೋಡುವವರು ನಗಲಿಕ್ಕೆ. ಇದಕ್ಕೆ ಖರ್ಚೂ ಇಲ್ಲ.

ಈಗ ಸದ್ದು. ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಹೇಳಿಸಿ ಸೇರಿಸುವುದು ಡಬ್ಬಿಂಗ್, ಶೂಟಿಂಗ್ ಆಗುವಾಗಲೇ ಹಿಡಿಯುವುದು ಸಿಂಕ್ ಸೌಂಡ್. ಡಬ್ಬಿಂಗ್‌ನಲ್ಲಿ ಮಾತು ಸ್ವಚ್ಛ, ಆ ಸ್ವಚ್ಛತೆಯೇ ಕೇಡು. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರುವುದರಿಂದ ಜಗಲಿಯಲ್ಲಿ ಕೂತ ಅಜ್ಜನ ದನಿ, ಬಚ್ಚಲಿಂದ ಕೂಗುವ ಸೊಸೆಯ ದನಿ ಎರಡೂ ಕಿವಿಯ ಪಕ್ಕದಲ್ಲೇ ಕೇಳುತ್ತವೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ. ನಮ್ಮ ಜಗಲಿಗಳಲ್ಲಿ ಹಾಗೆ ಕಾಯುವ ಪುಣ್ಯಾತ್ಮರು ಎಲ್ಲಿದ್ದಾರೆ? ಮೇಲಿಂದ ‘ಎಂತ ಮಾರಾಯ’ ಇರಬೇಕಾದಲ್ಲಿ ಬೆಂಗಳೂರಿನ ‘ಏನಪ್ಪಾ’ ಬಂದರಂತೂ ಮನೆ ಎಷ್ಟು ಹಳೆಯದಾದರೂ ಪ್ರಯೋಜನವಿಲ್ಲ.

ಸಿಂಕ್ ಸೌಂಡ್ ಹಟಮಾರಿ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕನ್ನು ಮಾತಾಡುವವರ ಎರಡಡಿಯೊಳಗೆ ತರಲೇಬೇಕು. ಗಟ್ಟಿ ಗೋಡೆ, ನುಣುಪು ನೆಲದ ನಡುಮನೆಯಲ್ಲಿ ಮಾತು ಗುಂಯ್‌ಗುಡುತ್ತದೆ. ಫ್ರೇಮಿನ ಹೊರಗೆ ಕಂಬಳಿ ನೇತು ಹಾಕಿ, ಜಮಖಾನ ಹಾಸಿದರೆ ತಗ್ಗುತ್ತದೆ. ಕೊರಳಪಟ್ಟಿ ಮೈಕಿಗೆ ಗಂಜಿ ಹಾಕಿದ ಸೀರೆ ಶತ್ರು, ಸರಸರ ಸದ್ದನ್ನು ಆಮೇಲೆ ತೆಗೆಯಲಾಗದು. ಜನರೇಟರ್ ಗುಡ್ಡದ ಆಚೆ ಮಗ್ಗುಲಿಗೆ ಹೋಗಬೇಕು. ಫ್ರಿಜ್ ಆರಿಸಿ ವ್ಯಾನಿನ ಕೀ ಅದರೊಳಗಿಡುವುದು ಸೌಂಡಿನವರ ಹಳೆಯ ಉಪಾಯ, ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ. ಮಲೆನಾಡಿಗೆ ವಿಶೇಷವಾದ ಪೀಡೆ ಜೀರುಂಡೆ. ಒಂದು ಶಾಟಿನಲ್ಲಿ ಜೋರು, ಮುಂದಿನದರಲ್ಲಿ ಮೌನ, ಕಟ್ ಕಟ್ಟಿಗೂ ಕಿವಿಗೆ ಚುಚ್ಚುತ್ತದೆ. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಜಾಗದ ಸದ್ದು ಹಿಡಿದುಕೊಳ್ಳಿ, ಎಡಿಟಿಂಗ್‌ನಲ್ಲಿ ಅದೇ ಹೊಲಿಗೆ ದಾರ.

ದಿನಕ್ಕೊಂದು ಕಂತಿನಷ್ಟು ತೆಗೆಯಬೇಕಾದವರಿಗೆ ಇಷ್ಟು ವ್ಯವಧಾನ ಇರುವುದಿಲ್ಲ, ಒಪ್ಪೋಣ. ಹಾಗಾದರೆ ಡಬ್ಬಿಂಗನ್ನೇ ಸುಧಾರಿಸಿ: ದೂರದ ಮಾತಿಗೆ ಮೈಕನ್ನು ಮೂರಡಿ ಹಿಂದಿಡಿ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಅಡಿಯಲ್ಲಿ ಊರಿನ ಸದ್ದು ಹಾಕಿ. ಸೆಟ್ ಮತ್ತು ಸಿಂಕ್ ಸೌಂಡ್ ಜೋಡಿ ನಿಜ ಮನೆ ಮತ್ತು ಡಬ್ಬಿಂಗ್ ಜೋಡಿಗಿಂತ ಮೇಲು ಎಂಬುದರಲ್ಲಿ ಅನುಮಾನ ಬೇಡ. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯ ಬೀದಿಯನ್ನೇ ಆರ್.ಕೆ. ನಾರಾಯಣ್ ಕತೆಗಳ ಮಾಲ್ಗುಡಿ ಮಾಡಿದ್ದನ್ನು ತೋರಿಸಿ, ಜಾಗ ಸಿಕ್ಕರೆ ಸಾಕು ಎನ್ನುವವರಿದ್ದಾರೆ. ಆದರೆ ಅದು ಕಲ್ಪನೆಯ ಊರು, ಇಂಥದೇ ಸೀಮೆಯ ಮಾತು ಬೇಕೆಂದು ಯಾರೂ ಕೇಳುವಂತಿರಲಿಲ್ಲ. ತೀರ್ಥಹಳ್ಳಿಯನ್ನು ತೀರ್ಥಹಳ್ಳಿಯೆಂದೇ ತೋರಿಸುವವರಿಗೆ ಆ ರಿಯಾಯಿತಿ ಇಲ್ಲ.

ಉಳಿದದ್ದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿದರೂ ಕ್ಯಾಮೆರಾಗೆ ಕಾಣಬೇಕಲ್ಲ! ಮೋಡದ ಸಪ್ಪೆ ಬೆಳಕಿನಲ್ಲಿ ಹನಿ ಮಾಯ. ಹಿಂದಿನಿಂದ ಬೆಳಕು, ಅದರ ಹಿಂದೆ ಅಡಿಕೆ ತೋಟದಂಥ ಕಪ್ಪು ಹಿನ್ನೆಲೆ ಇದ್ದರೆ ಮಾತ್ರ ಎಳೆ ಎಳೆಯಾಗಿ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಷಟರ್ 1/50 ಸೆಕೆಂಡು ತೆರೆದಿರಲಿ. 1/200ಕ್ಕೆ ಹೋದರೆ ಹನಿ ಮಣಿಯಂತೆ ನಿಲ್ಲುತ್ತದೆ, ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿ ಬಲ್ಬುಗಳೂ ಮಿಣುಕುತ್ತವೆ. ನಿಜ ಮಳೆಯಲ್ಲಿ ಮಾತಿಲ್ಲದ ದೂರದ ಶಾಟ್ ಮಾತ್ರ ತೆಗೆಯಿರಿ, ಹೆಂಚಿನ ಸದ್ದಿನಲ್ಲಿ ಯಾವ ಮೈಕೂ ಬದುಕುವುದಿಲ್ಲ. ಮಾತಿನ ಶಾಟಿಗೆ ಟ್ಯಾಂಕರ್ ಕರೆಸಬೇಕಿಲ್ಲ. ಹತ್ತಡಿ ಪೈಪಿಗೆ ಎರಡೆರಡು ಇಂಚಿಗೆ ತೂತು ಕೊರೆದು ಸೂರಿಗೆ ಕಟ್ಟಿ, ನೀರು ಬೀಳುವಲ್ಲಿ ತೆಂಗಿನ ನಾರಿನ ಚಾಪೆ ಹಾಸಿದರೆ ಕಿಟಕಿಯಾಚೆ ಮಳೆ ಸುರಿಯುತ್ತಿರುತ್ತದೆ, ಮಾತೂ ಕೇಳುತ್ತದೆ.