ಮನೆಯಲ್ಲಿ ನಾಲ್ಕು ವಾರ, ಕಚೇರಿಯಲ್ಲಿ ನಾಲ್ಕು ವಾರ: ನನ್ನ ಇಂಟರ್ನ್‌ಶಿಪ್ ಹೋಲಿಕೆ

ಹಣ ಉಳಿಯುತ್ತದೆ ಎಂದು ಮನೆಯಿಂದಲೇ ಇಂಟರ್ನ್‌ಶಿಪ್ ಮಾಡಲು ಹೊರಟಿರುವ ಕೊಡಗಿನ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಕಂಪನಿ ಕಚೇರಿಗೆ ಕರೆದರೆ ಹೋಗಿ. ಸಾಲ ಮಾಡಬೇಕಾದ ಸ್ಥಿತಿ ಇಲ್ಲದಿದ್ದರೆ ಸಾಕು, ಹೋಗಿ. ನಾನು ಒಂದೇ ಇಂಟರ್ನ್‌ಶಿಪ್‌ನ ಮೊದಲ ನಾಲ್ಕು ವಾರಗಳನ್ನು ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ, ಉಳಿದ ನಾಲ್ಕನ್ನು ಬೆಂಗಳೂರಿನ ಕಚೇರಿಯಲ್ಲಿ ಕಳೆದೆ. ಕಂಪನಿ ಅದೇ, ಕೆಲಸ ಅದೇ, ಮಾರ್ಗದರ್ಶಕರೂ ಅವರೇ. ಬದಲಾದದ್ದು ನಾನು ಕುಳಿತ ಜಾಗ ಮಾತ್ರ.

ಕೆಲಸ ಶುರುವಾದದ್ದು ಜೂನ್ ಎರಡನೇ ವಾರದಲ್ಲಿ. ಕಾಲೇಜಿನವರಿಗೆ ಅದು ಬೇಸಿಗೆ ರಜೆ, ನಮ್ಮ ಊರಿಗೆ ಮಳೆಗಾಲ. ಮನೆಯಲ್ಲಿ ಫೈಬರ್ ಸಂಪರ್ಕವಿದೆ, ಇನ್ವರ್ಟರ್ ಇದೆ. ಇವೆರಡನ್ನೂ ನಂಬಿಯೇ ಅಪ್ಪ ‘ಇಲ್ಲಿಂದಲೇ ಮಾಡು’ ಎಂದರು. ಆದರೆ ನಮ್ಮ ಕಡೆ ಫೈಬರ್ ಕೇಬಲ್ ಬರುವುದು ವಿದ್ಯುತ್ ಕಂಬಗಳ ಮೇಲೆಯೇ. ಗಾಳಿಗೆ ಒಂದು ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದರೆ ತಂತಿಯ ಜೊತೆಗೆ ಕೇಬಲ್ಲೂ ಹರಿಯುತ್ತದೆ. ಆಗ ಇನ್ವರ್ಟರ್ ಇದ್ದು ಉಪಯೋಗವಿಲ್ಲ, ರೌಟರ್‌ನ ದೀಪ ಉರಿಯುತ್ತಿರುತ್ತದೆ ಅಷ್ಟೇ. ಮೊಬೈಲ್ ಟವರ್ ಕೆಲವು ಗಂಟೆ ಬ್ಯಾಟರಿಯ ಮೇಲೆ ನಡೆಯುತ್ತದೆ, ಆಮೇಲೆ ಜನರೇಟರ್‌ಗೆ ಡೀಸೆಲ್ ಬೇಕು. ಲೈನ್‌ಮನ್‌ಗಳು ಆ ಮಳೆಯಲ್ಲಿ, ಮೊಣಕಾಲುದ್ದ ನೀರು ನಿಂತ ಗದ್ದೆಗಿಳಿದು ತಂತಿ ಎಳೆಯುವುದನ್ನು ಕಂಡವಳು ನಾನು. ಅವರನ್ನು ದೂರಲು ನನ್ನಿಂದಾಗದು.

ಇಷ್ಟನ್ನು ತಾಳಿಕೊಳ್ಳಬಹುದಿತ್ತು. ತಾಳಲಾಗದ್ದು ಒಟಿಪಿ.

ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಏನು ಮಾಡಬೇಕಾದರೂ ಮೊದಲು ವಿಪಿಎನ್ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರುವ ಸುರಕ್ಷಿತ ದಾರಿ) ಮೂಲಕ ಒಳಗೆ ಹೋಗಬೇಕು. ಸಂಪರ್ಕ ಕಡಿದಾಗಲೆಲ್ಲ ಅದು ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ಪಾಸ್‌ವರ್ಡ್ ಕೊಟ್ಟ ಮೇಲೆ ಮೊಬೈಲ್‌ಗೆ ಆರು ಅಂಕಿಗಳ ಸಂದೇಶ ಕಳಿಸುತ್ತದೆ. ನಮ್ಮ ಮನೆ ಇರುವುದು ಇಳಿಜಾರಿನ ತಳದಲ್ಲಿ. ಒಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಸಿಗುವುದು ಕಾಫಿ ಕಣದ ಮೇಲಿನ ಅಂಚಿನಲ್ಲಿ, ಅದೂ ನೀರಿನ ಟ್ಯಾಂಕಿಯ ಪಕ್ಕ ನಿಂತರೆ ಮಾತ್ರ. ಪಾಸ್‌ವರ್ಡ್ ಒತ್ತಿ, ಕೊಡೆ ಹಿಡಿದು, ಪಾಚಿ ಕಟ್ಟಿದ ಮೆಟ್ಟಿಲು ಹತ್ತಿ, ಸಂದೇಶಕ್ಕೆ ಕಾದು, ಅಂಕಿಗಳನ್ನು ಬಾಯಲ್ಲಿ ಜಪಿಸುತ್ತಾ ಇಳಿದು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಆಮೇಲೆ ತಮ್ಮನನ್ನು ಕಣದಲ್ಲಿ ನಿಲ್ಲಿಸಿದೆ. ಅವನು ಕೂಗಿ ಹೇಳುತ್ತಿದ್ದ ಅಂಕಿಗಳು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ಲ್ಯಾಪ್‌ಟಾಪನ್ನೇ ಮೇಲಕ್ಕೆ ಒಯ್ಯೋಣವೆಂದರೆ ಅದು ಕಂಪನಿಯದು, ನೀರು ತಗುಲಿದರೆ ಉತ್ತರ ಕೊಡಬೇಕಾದವಳು ನಾನು. ಮೂರು ಸಲ ತಪ್ಪಿದರೆ ಖಾತೆಗೆ ಬೀಗ, ಅರ್ಧ ಗಂಟೆ ಕಾಯಬೇಕು. ಬೆಳಗಿನ ಹತ್ತು ಗಂಟೆಯ ಸಭೆಯನ್ನು ಆ ನಾಲ್ಕು ವಾರಗಳಲ್ಲಿ ಏಳು ಸಲ ತಪ್ಪಿಸಿಕೊಂಡೆ. ಸಹಾಯ ಕೇಂದ್ರಕ್ಕೆ ಎರಡು ಬಾರಿ ಬರೆದೆ. ‘ನೆಟ್‌ವರ್ಕ್ ಪರೀಕ್ಷಿಸಿಕೊಳ್ಳಿ’ ಎಂಬ ಉತ್ತರ ಎರಡು ಬಾರಿ ಬಂತು. ಒಂದು ರಾತ್ರಿ ಅಳು ಬಂತು. ಕೆಲಸ ಬಾರದೆ ಹಿಂದೆ ಬಿದ್ದರೆ ಕಲಿಯಬಹುದು, ಬಾಗಿಲೇ ತೆರೆಯದಿದ್ದರೆ ಏನು ಮಾಡುವುದು?

ಬೆಂಗಳೂರಿಗೆ ಹೋದ ಮೊದಲ ದಿನ, ಪಕ್ಕದ ಕುರ್ಚಿಯಲ್ಲಿದ್ದ ಹಾವೇರಿಯ ಹುಡುಗಿ ನಾನು ಸಂದೇಶಕ್ಕೆ ಕಾಯುವುದನ್ನು ನೋಡಿ, ‘ಆ್ಯಪ್ ಯಾಕೆ ಹಾಕಿಕೊಂಡಿಲ್ಲ?’ ಎಂದು ಕೇಳಿದಳು. ಅಂಕಿಗಳನ್ನು ಮೊಬೈಲ್ ತಾನೇ ಹುಟ್ಟಿಸುವ ಆ್ಯಪ್ ಅದು. ಆರಂಭದಲ್ಲಿ ಒಮ್ಮೆ ಒಂದು ಗುಟ್ಟಿನ ಕೀಲಿಯನ್ನು ಅದಕ್ಕೆ ಕೊಟ್ಟರೆ, ಆ ಕೀಲಿ ಮತ್ತು ಗಡಿಯಾರದ ಸಮಯ ಸೇರಿಸಿ ಲೆಕ್ಕ ಹಾಕಿ, 30 ಸೆಕೆಂಡಿಗೊಮ್ಮೆ ಹೊಸ ಅಂಕಿ ತೋರಿಸುತ್ತದೆ. ಆಚೆ ಸರ್ವರ್ ಕೂಡ ಅದೇ ಲೆಕ್ಕ ಹಾಕುತ್ತದೆ. ಸಿಗ್ನಲ್ ಬೇಡ, ಇಂಟರ್ನೆಟ್ ಬೇಡ, ಗಡಿಯಾರ ಸರಿಯಿದ್ದರೆ ಸಾಕು. ಹಾಕಿಕೊಳ್ಳಲು ಮೂರು ನಿಮಿಷ ಹಿಡಿಯಿತು. ಕಂಪನಿಯ ಕೈಪಿಡಿಯಲ್ಲೂ ಅದು ಇತ್ತಂತೆ, ಎಷ್ಟನೆಯ ಪುಟದಲ್ಲೋ.

ನಾನು ಕಚೇರಿಯ ಪಕ್ಷ ವಹಿಸುವುದು ಇದರಿಂದಲೇ. ಯಾರನ್ನಾದರೂ ಏನಾದರೂ ಕೇಳಬೇಕೆಂದರೆ ಸಂದೇಶವನ್ನು ನಾಲ್ಕು ಸಲ ಬರೆದು ಅಳಿಸುವ ಸ್ವಭಾವ ನನ್ನದು. ಮನೆಯಲ್ಲಿದ್ದಾಗ ಒಂದು ಸಂಶಯಕ್ಕೆ ಒಂದು ದಿನ ಹೋಗುತ್ತಿತ್ತು. ನಾನು ಬರೆದ ಪ್ರೋಗ್ರಾಂ ಸಣ್ಣ ಲಾಗ್ ಕಡತಗಳಿಗೆ (ಕಂಪ್ಯೂಟರ್ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ) ಸರಿಯಾಗಿ ನಡೆದು ದೊಡ್ಡದಕ್ಕೆ ಕುಸಿದು ಬೀಳುತ್ತಿತ್ತು. ಎರಡು ದಿನ ಒದ್ದಾಡಿದ್ದೆ. ಕಚೇರಿಯಲ್ಲಿ ಮಾರ್ಗದರ್ಶಕರು ಕಾಫಿ ಲೋಟ ಹಿಡಿದು ನನ್ನ ಹಿಂದೆ ನಿಂತು ನೋಡಿ, ‘ಇಡೀ ಕಡತವನ್ನು ಒಟ್ಟಿಗೆ ಮೆಮೊರಿಗೆ ತರುತ್ತಿದ್ದೀಯಲ್ಲ, ಒಂದೊಂದೇ ಸಾಲು ಓದು’ ಎಂದರು. ಆ ಮಾತು ಕೇಳುವುದಕ್ಕೆ ನಾನು ಪ್ರಶ್ನೆಯನ್ನೇ ಬರೆಯಬೇಕಾಗಲಿಲ್ಲ.

ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಕುಳಿತು ನೋಡಿದ್ದೂ ಉಂಟು. ನೆಟ್‌ವರ್ಕ್ ಒಮ್ಮೆಯೂ ಹೋಗಲಿಲ್ಲ, ಆದರೆ ಸಂಶಯ ಹೇಳಿಕೊಳ್ಳಲು ಅಲ್ಲಿಯೂ ಪಕ್ಕದಲ್ಲಿ ಯಾರೂ ಇರಲಿಲ್ಲ.

ಊಟದಲ್ಲಿ ಮನೆಗೆ ಸಾಟಿಯಿಲ್ಲ. ಕಣಿಲೆ ಸಾರು, ಅಕ್ಕಿ ರೊಟ್ಟಿಯ ಕಾಲವದು. ಪಿ.ಜಿ.ಯ ಸಾಂಬಾರನ್ನು ವರ್ಣಿಸುವ ಇಚ್ಛೆ ನನಗಿಲ್ಲ. ಆಗಸ್ಟ್ 3ರಂದು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ಇದೇ ಮೊದಲ ಬಾರಿಗೆ ತಪ್ಪಿತು. ಅದು ನಿಜವಾಗಿಯೂ ನೋವಾಯಿತು.

ಹಣದ ಲೆಕ್ಕ ಹೀಗಿದೆ. ಸ್ಟೈಪೆಂಡ್ ತಿಂಗಳಿಗೆ 20,000 ರೂಪಾಯಿ. ಮನೆಯಲ್ಲಿದ್ದ ತಿಂಗಳು ಹೆಚ್ಚುಕಡಿಮೆ ಪೂರ್ತಿ ಉಳಿಯಿತು. ಬೆಂಗಳೂರಿನಲ್ಲಿ ಮೂವರ ಕೋಣೆಗೆ ಊಟ ಸೇರಿ 9,500, ಮುಂಗಡದಲ್ಲಿ ಹಿಂದಿರುಗದ 1,500, ಇತರ ಖರ್ಚು 3,000. ಕೈಯಲ್ಲಿ ಉಳಿದದ್ದು 6,000. ಕೊಡಗಿಗೆ ರೈಲಿಲ್ಲ, ಆದರೆ ಶಕ್ತಿ ಯೋಜನೆ ಇರುವುದರಿಂದ ಮಡಿಕೇರಿಯಿಂದ ಬೆಂಗಳೂರಿನವರೆಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ಖರ್ಚಿಲ್ಲ. ಹುಡುಗರು ಅದನ್ನೂ ಸೇರಿಸಿಕೊಳ್ಳಬೇಕು. ಸ್ಟೈಪೆಂಡ್ 14,000ಕ್ಕಿಂತ ಕಡಿಮೆಯಿದ್ದಿದ್ದರೆ ನಾನು ಅಪ್ಪನ ಬಳಿ ಕೈಚಾಚಬೇಕಾಗುತ್ತಿತ್ತು, ಆಗ ಎಂಟೂ ವಾರ ಮನೆಯಲ್ಲೇ ಇರುತ್ತಿದ್ದೆ.

ಮುಂದಿನ ಜೂನ್‌ನಲ್ಲಿ ತಮ್ಮನ ಸರದಿ. ಅವನಿಗೆ ಸಿಕ್ಕಿರುವ ಕಂಪನಿ ಮನೆಯಿಂದಲೇ ಮಾಡಿ ಎಂದಿದೆ, ಬೇರೆ ಆಯ್ಕೆ ಕೊಟ್ಟಿಲ್ಲ. ಒಟಿಪಿಯ ಆ್ಯಪ್ ಅನ್ನು ಅವನ ಮೊಬೈಲ್‌ಗೆ ಈಗಲೇ ಹಾಕಿಟ್ಟಿದ್ದೇನೆ. ದಿನಕ್ಕೊಮ್ಮೆ ಮಾರ್ಗದರ್ಶಕರಿಗೆ ಹತ್ತು ನಿಮಿಷ ಫೋನ್ ಮಾಡಲು ಮೊದಲ ದಿನವೇ ಅನುಮತಿ ಕೇಳು ಎಂದೂ ಹೇಳಿದ್ದೇನೆ. ಫೋನ್ ಮಾಡಲು ಅವನು ಕಣಕ್ಕೇ ಹತ್ತಬೇಕು. ಅಪ್ಪ ಟ್ಯಾಂಕಿಯ ಪಕ್ಕ ನಾಲ್ಕು ತಗಡು ಹಾಕಿಸಿಕೊಡುತ್ತೇನೆ ಎಂದಿದ್ದಾರೆ.