ಕಕ್ಕಡದ ಮಳೆಯಲ್ಲಿ ಒಂದು ಹೋಂಸ್ಟೇ

ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿದ ವಾರದಲ್ಲಿ, ಕೊಡಗಿನ ಯಾವ ಹೋಂಸ್ಟೇಯೂ ಚೆನ್ನಾಗಿಯೇ ಕಾಣುತ್ತದೆ. ಮಡಿಕೇರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಾನು ಕೇಳುವ ಪ್ರಶ್ನೆ ಬೇರೆ: ಕಕ್ಕಡ ಮಾಸದ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳ, ಮಳೆಯಲ್ಲಿ ಅಲ್ಲಿ ಒದ್ದೆ ಬಟ್ಟೆ ಒಣಗುತ್ತದೆಯೇ?

ಆಗಸ್ಟ್ ಮೊದಲ ವಾರ ದಾವಣಗೆರೆಯಿಂದ ಚಿಕ್ಕಮ್ಮನ ಸಂಸಾರ ಬಂದಿಳಿಯಿತು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಬಟ್ಟೆಯ ಹಗ್ಗ ಕಟ್ಟದ ಕೋಣೆಯೇ ಇರಲಿಲ್ಲ. ಹಾಗಾಗಿ ಎಲ್ಲರೂ ಗಾಳಿಬೀಡು ಕಡೆಯ ತೋಟದ ಮನೆಯೊಂದಕ್ಕೆ ಹೋದೆವು. ಊಟ, ತಿಂಡಿ ಸೇರಿ ತಲೆಗೆ 2,200 ರೂಪಾಯಿ.

ಕಾರಿನಿಂದ ಇಳಿದವಳೇ ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ನೋಡಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ ಮೇಲೆ ಇಲ್ಲಿಯವರಿಗೆ ಇದು ಅಭ್ಯಾಸ. ಈ ಮನೆಗಾಗಿ ಗುಡ್ಡ ಕಡಿದಿಲ್ಲ. ಹಳೆಯ ಹೆಂಚಿನ ಮನೆ, ಎದುರಿಗೆ ಕಾಫಿ ಒಣಗಿಸುವ ಕಣ. ಧೈರ್ಯವಾಗಿ ಚೀಲ ಇಳಿಸಿದೆವು.

ಇನ್ನು ಬಚ್ಚಲು. ಸೌದೆ ಒಲೆಯ ಮೇಲೆ ದೊಡ್ಡ ಹಂಡೆ, ಅದರ ಪಕ್ಕದ ಗೋಡೆಯಿಂದ ಗೋಡೆಗೆ ಬಿದಿರಿನ ಗಳ. ರಾತ್ರಿ ಹರವಿದ ಚಿಕ್ಕಪ್ಪನ ಪಂಚೆ ಬೆಳಿಗ್ಗೆ ಗರಿಗರಿಯಾಗಿತ್ತು. ಹೊಗೆಯ ವಾಸನೆ ಹತ್ತುತ್ತದೆ, ನಿಜ. ಮುಗ್ಗಲು ವಾಸನೆಗಿಂತ ಸಾವಿರ ಪಾಲು ಮೇಲು. ಬಾಗಿಲ ಬಳಿ ಕೊಡೆಗಳ ಜೊತೆ ಒಂದು ಡಬ್ಬಿ ಉಪ್ಪನ್ನೂ ಇಟ್ಟಿದ್ದರು, ಜಿಗಣೆಗೆ. ಕರೆಂಟ್ ಹೋದಾಗ ದೀಪ ಮಾತ್ರ ಉರಿಯುತ್ತದೆ, ಮೊಬೈಲ್ ಚಾರ್ಜ್ ಆಗುವುದಿಲ್ಲ. ನೆಟ್‌ವರ್ಕ್ ಹೇಗೂ ಗೇಟಿನವರೆಗೆ ನಡೆದರಷ್ಟೇ.

ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟಿಗೆ ಪಂದಿ ಕರಿ (ಹಂದಿ ಮಾಂಸದ ಸಾರು) ಇಲ್ಲಿನ ಜೋಡಿ. ನಮ್ಮದು ಸಸ್ಯಾಹಾರಿಗಳ ಗುಂಪು ಎಂದು ಮೊದಲೇ ತಿಳಿಸಿದ್ದರಿಂದ ಕಣಿಲೆ ಸಾರು ಮಾಡಿದ್ದರು. ಎಳೆ ಬಿದಿರನ್ನು ದಿನವೂ ನೀರು ಬದಲಿಸಿ ನೆನೆಸಿಟ್ಟಿದ್ದರಂತೆ, ಕಹಿಯ ಸುಳಿವಿರಲಿಲ್ಲ. ಆಗಸ್ಟ್ 3, ಅಂದರೆ ಕಕ್ಕಡ ಹದಿನೆಂಟು, ಕೂಡಿ ಬಂದದ್ದು ನಮ್ಮ ಅದೃಷ್ಟ. ಅಂದು ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪು ಎಂಬ ಔಷಧಿ ಗಿಡದ ರಸದ ಪಾಯಸ, ಕಡುನೇರಳೆ ಬಣ್ಣ. ಬಡಿಸುವ ಮೊದಲೇ ಮನೆಯೊಡತಿ, "ಅಕ್ಕ, ನಾಳೆ ಮೂತ್ರ ಕೆಂಪಾದರೆ ಹೆದರಬೇಡಿ, ಸೊಪ್ಪಿನ ಬಣ್ಣ ಅಷ್ಟೇ" ಎಂದು ಚಿಕ್ಕಮ್ಮನ ಕಿವಿಯಲ್ಲಿ ಹೇಳಿದರು. ಚಿಕ್ಕಮ್ಮ ಅರ್ಧ ಬಟ್ಟಲಿಗೇ ನಿಲ್ಲಿಸಿದರು. ಚಿಕ್ಕಪ್ಪ ಎರಡನೆಯದನ್ನೂ ಕೇಳಿದರು.

ನನ್ನ ತಕರಾರು ಕಾಫಿಯ ಬಗ್ಗೆ. ಕಿಟಕಿಯಿಂದ ಕೈ ಚಾಚಿದರೆ ರೊಬಸ್ಟಾ ಗಿಡ, ಮೇಜಿನ ಮೇಲೆ ಮಾತ್ರ ಪೇಟೆಯ ಪೊಟ್ಟಣದ ಚಿಕೋರಿ ಪುಡಿಯ ಕಾಫಿ! ಅಡುಗೆಮನೆಗೆ ಹೋಗಿ ನೋಡಿದರೆ ಅವರು ತಮಗಾಗಿ ಬೆಲ್ಲದ ಕರಿಕಾಫಿ ಕುದಿಸಿಕೊಂಡಿದ್ದರು. ಅತಿಥಿಗಳಿಗೆ ಹಿಡಿಸುವುದಿಲ್ಲ ಎಂಬ ಸಮಜಾಯಿಷಿ. ಕೇಳಿದ ಮೇಲೆ ಸಂತೋಷವಾಗಿಯೇ ಕೊಟ್ಟರು. ನೀವೂ ಕೇಳಿ ಪಡೆಯಿರಿ.

ಕಣಿವೆ ಕಾಣುವ ಕೋಣೆಗೆ 500 ರೂಪಾಯಿ ಹೆಚ್ಚು. ಮಳೆಗಾಲದಲ್ಲಿ ಆ ಹಣ ದಂಡ, ಮಂಜಿನಲ್ಲಿ ಅಂಗಳದ ತುಳಸಿಕಟ್ಟೆಯೇ ಕಾಣುವುದಿಲ್ಲ. ಹಿಂಬದಿಯ ಕೋಣೆಯನ್ನೇ ಕೇಳಿ, ಬಚ್ಚಲೊಲೆಯ ಬಿಸಿ ಆ ಗೋಡೆಗೂ ತಾಗುತ್ತದೆ. ಸಣ್ಣ ಕಾರಿದ್ದರೆ ಕೊನೆಯ ಏರಿಗೆ ಅವರ ಜೀಪೇ ಗತಿ. ಅದರ ಬಾಡಿಗೆ ಬಿಲ್ಲಿನಲ್ಲಿ ಬೇರೆಯಾಗಿ ಸೇರುತ್ತದೆ, ಫೋನಿನಲ್ಲೇ ಮಾತಾಡಿಕೊಳ್ಳಿ.